ಪಕ್ಕೀರಪ್ಪನ ಮೀಸೆ, ಪೋರ್ಚುಗಲ್ಲಿನ ಆಟ

ತಾವರಗೇರಾದ ಪಕ್ಕೀರಪ್ಪನ ಮೀಸೆಗೆ ಕುತ್ತು ಬಂದದ್ದು ಒಂದು ನೀರಿನ ಬಾಟಲಿಯಿಂದ. ಮಗ ವಿರುಪಾಕ್ಷಿ ಶಾಲೆಯ ಬಯಲಿನಲ್ಲಿ ಬರಿಗಾಲಲ್ಲಿ ಚೆಂಡು ಒದ್ದು, ಗೋವಾದ ತಂಡ ಸೇರಿ, ಅಲ್ಲಿಂದ ಪೋರ್ಚುಗಲ್ ದೇಶದ ಸಣ್ಣದೊಂದು ಊರಿನ ತಂಡದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಅವನು ಕಳಿಸಿದ ಫೋಟೋದಲ್ಲಿ ಉಳಿದವರೆಲ್ಲ ಓಡುತ್ತಿದ್ದರೆ, ಅವನೊಬ್ಬ ಅಂಚಿನಲ್ಲಿ ಬಾಟಲಿ ಹಿಡಿದು ಕುಳಿತಿದ್ದ.

"ನಿನ್ನ ಮಗ ಆಡಾಕ ಹೋಗ್ಯಾನೋ, ಆಡವ್ರಿಗೆ ನೀರ ಕುಡಿಸಾಕ ಹೋಗ್ಯಾನೋ?" ಎಂದ ನೆರೆಮನೆಯ ಹುಚ್ಚೀರಪ್ಪ, ಭಾನುವಾರ ಮುಂಜಾನೆ, ಲಾಲಬೀಯ ಚಹಾದಂಗಡಿಯಲ್ಲಿ, ಹತ್ತು ಜನರ ಮುಂದೆ.

ಪಕ್ಕೀರಪ್ಪ ಚಹಾದ ಬಸಿ ಕೆಳಗಿಟ್ಟ. "ಇವತ್ತ ಸಂಜಿಗೆ ಆಟ ಐತಿ. ನನ್ನ ಮಗ ಗ್ರೌಂಡಿಗೆ ಇಳೀಲಿಲ್ಲಂದ್ರ ಇಲ್ಲೇ ಕುಂತು ಮೀಸಿ ತೆಗಿಸ್ತೀನಿ. ಇಳದ್ರ ನೀ ತೆಗಿಸ್ತೀಯೇನು?"

"ನನಗೆಲ್ಲೈತೋ ಮೀಸಿ?" ಎಂದು ಹುಚ್ಚೀರಪ್ಪ ನುಣ್ಣನೆಯ ತುಟಿ ಸವರಿಕೊಂಡ.

ಮೂವತ್ತು ವರ್ಷ ಎಣ್ಣೆ ಉಂಡ ಮೀಸೆ ಅದು. ಎತ್ತಿನ ವ್ಯಾಪಾರಕ್ಕಾಗಲಿ, ಮದುವೆ ಮಾತಿಗಾಗಲಿ ಅದೇ ಮುಂದೆ ಹೋಗುತ್ತಿತ್ತು. ಪಕ್ಕೀರಪ್ಪ ಅದರ ಹಿಂದಿನಿಂದ ಹೋಗುತ್ತಿದ್ದ.

ಸಂಜೆ ಲಾಲಬೀ ಮೊಬೈಲನ್ನು ಟೀವಿಗೆ ಜೋಡಿಸಿ ಆಟ ಹಚ್ಚಿದಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಚ್ಚೀರಪ್ಪ ಹೇಳಿಕಳಿಸಿದ್ದರಿಂದ ಕ್ಷೌರದ ದುರುಗಪ್ಪ ಪೆಟ್ಟಿಗೆ ಸಮೇತ ಬಂದು ಮುಂದಿನ ಸಾಲಿನಲ್ಲೇ ಕುಳಿತ. ಅರ್ಧ ಆಟ ಮುಗಿಯಿತು. ವಿರುಪಾಕ್ಷಿ ಅಂಚಿನ ಬೆಂಚಿನ ಮೇಲೇ ಇದ್ದ.

"ಬೂಟಿನ ದಾರ ಕಟ್ಟಾಕತ್ತಾನ ನೋಡ್ರಿ," ಎಂದ ಪಕ್ಕೀರಪ್ಪ.

"ಕಟ್ಟಲಿ, ಕಟ್ಟಲಿ. ಅಷ್ಟರಾಗ ದುರುಗಪ್ಪ ನೊರಿ ಎಬ್ಬಸ್ತಾನ," ಎಂದ ಹುಚ್ಚೀರಪ್ಪ.

ಆಟ ಮುಗಿಯಲು ಐದು ನಿಮಿಷ ಉಳಿಯಿತು. "ಕಾಕಾ, ಒಂದ ಕಡೆ ನೊರಿ ಹಚ್ಚಿಡಲೇನ್ರಿ? ಮನಿಗೆ ಹೋಗಬೇಕು," ಎಂದು ದುರುಗಪ್ಪ ಮೆಲ್ಲಗೆ ಕೇಳಿದ.

"ಹಚ್ಚು. ಆಟ ಮುಗಿಯೂ ಮುಂಚೆ ಕತ್ತಿ ಮುಟ್ಟಿದಿ ಅಂದ್ರ ನೋಡು."

ಎಡಮೀಸೆಯ ಮೇಲೆ ನೊರೆ ಏರಿತು. ಅಷ್ಟರಲ್ಲಿ ಟೀವಿಯಲ್ಲಿ ಒಬ್ಬ ಆಟಗಾರ ಕಾಲು ಹಿಡಿದು ಕುಸಿದ. ವಿರುಪಾಕ್ಷಿ ಮೇಲಂಗಿ ಕಿತ್ತೆಸೆದು ಒಳಗೆ ಓಡಿದ. ಚೆಂಡು ಅವನ ಕಾಲಿಗೆ ಸಿಕ್ಕಿದ್ದು ಒಂದೇ ಸಲ; ಅದನ್ನೂ ಅವನು ಗ್ಯಾಲರಿಗೆ ಒದ್ದ. ಆದರೂ ಅಂಗಡಿಯ ತಗಡು ಹಾರುವಷ್ಟು ಸಿಳ್ಳೆ ಬಿತ್ತು.

"ಅದೂ ಒಂದ ಆಟೇನು?" ಎಂದ ಹುಚ್ಚೀರಪ್ಪ.

"ಇಳದನೋ ಇಲ್ಲೋ? ಅಷ್ಟ ಹೇಳು."

ಪಕ್ಕೀರಪ್ಪ ನೊರೆ ಒರೆಸಿಕೊಳ್ಳದೆ, ನಡುಬೀದಿಯಲ್ಲಿ ಎದೆ ಸೆಟೆಸಿ ಮನೆಗೆ ಬಂದ. ಸುದ್ದಿ ಕೇಳಿ ಹೆಂಡತಿ ಮಾಳವ್ವನ ಕಣ್ಣು ತುಂಬಿದವು.

"ತಾಯಿ ಕಣ್ಣ ತೆರದಳ್ರಿ. ನಾಕ ತಿಂಗಳಾತು ಹುಡುಗ ಸುಮ್ನ ಕುಂತಾನಂತ ಹೇಮಗುಡ್ಡದ ದುರ್ಗಮ್ಮಗ ಬೇಡ್ಕೊಂಡಿದ್ದೆ. ಆಡಾಕ ಇಳದ್ರ ಮುಡಿ ಕೊಡ್ತೀವಿ ಅಂದಿದ್ದೆ."

"ಛಲೋ ಮಾಡಿದಿ. ಯಾರ ಮುಡಿ?"

"ನಿಮ್ಮದರೀ."

"ನನ್ನ ತಲ್ಯಾಗ ಕೂದಲ ಎಲ್ಲದಾವ?"

"ಅದಕ್ಕರೀ," ಎಂದಳು ಮಾಳವ್ವ ಸಮಾಧಾನದಿಂದ, "ಮೀಸಿ ಅಂತ ಹೇಳೀನಿ."

ಹುಚ್ಚೀರಪ್ಪನೊಡನೆ ಪಂಥ ಕಟ್ಟಬಹುದು, ದೇವಿಯೊಡನೆ ಕಟ್ಟಲಾದೀತೇ? ಮರುದಿನ ಹೇಮಗುಡ್ಡದಲ್ಲಿ ಪಕ್ಕೀರಪ್ಪ ಭಕ್ತಿಯಿಂದ ಕೈಮುಗಿದು ಕುಳಿತ. ಕತ್ತಿಗೆ ತುಟಿ ಒಡ್ಡುವಾಗಲೂ ತಲೆ ತಗ್ಗಿಸಲಿಲ್ಲ.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಅವನ ಮುಖವನ್ನು ಮರುಕದಿಂದ ನೋಡಿದ. "ಪಂಥದ ಸುದ್ದಿ ನಮ್ಮೂರ ತನಕ ಬಂದೈತ್ರಿ ಕಾಕಾ. ಹುಡುಗ ಆಡ್ಲಿಲ್ಲೇನ್ರಿ ಕಡೀಕ?"

"ಆಡ್ಯಾನ," ಎಂದು ಪಕ್ಕೀರಪ್ಪ ಇಲ್ಲದ ಮೀಸೆ ತಿರುವಿದ. "ಭಾಳ ಛಲೋ ಆಡ್ಯಾನ."

"ಹೌದ್ರಿ, ಹೌದ್ರಿ," ಎಂದು ಕಂಡಕ್ಟರ್ ಟಿಕೆಟ್ ಕೈಗಿಟ್ಟು, ನಗು ತಡೆದುಕೊಂಡು ಮುಂದಿನ ಸೀಟಿಗೆ ಹೋದ.