ಒಂದೇ ಸಲ ಕೇಳುವ ಭಾಷೆ

ಇಂಗ್ಲೀಷ್ ಕಲಿಸಲು ಹೋದವನಿಗೆ ಏನೇನು ಆಗಬಾರದೋ ಅದೆಲ್ಲ ನನಗೆ ಆಗುತ್ತಲೇ ಇರುತ್ತದೆ. ಮೊದಮೊದಲು ಮನೆಗೆ ಬಂದು ಹೆಂಡತಿಗೆ ಹೇಳಿ ನಗುತ್ತಿದ್ದೆ. ಈಗ ಅವಳೇ ನನ್ನ ಮುಖ ನೋಡಿ, "ಇವತ್ತೂ ಆತೇನ್ರಿ?" ಎಂದು ಚಹಾಕ್ಕೆ ಇಡುತ್ತಾಳೆ.

ಬೈಲಹೊಂಗಲದ ನಮ್ಮ ಶಾಲೆಯಲ್ಲಿ ಸಂಜೆ ಊರ ಹೆಂಗಸರಿಗೆ ದಿನಬಳಕೆಯ ಇಂಗ್ಲೀಷ್ ಕಲಿಸುತ್ತೇನೆ. ಇಪ್ಪತ್ತು ವರ್ಷ ಸೀಮೆಸುಣ್ಣ ಸವೆಸಿದರೂ ಯಾರ ತಲೆಗೂ ಹತ್ತದ ಶಬ್ದಗಳು, ಸಿನಿಮಾ ನಟರ, ಕ್ರಿಕೆಟ್ ಆಟಗಾರರ ತಮಾಷೆ ವಿಡಿಯೋ ತೋರಿಸಿದರೆ ತಾವಾಗಿಯೇ ಹತ್ತುತ್ತವೆ ಎಂದು ತರಬೇತಿಯಲ್ಲಿ ಯಾರೋ ಹೇಳಿದರು. ನಂಬಿದೆ. ದಣಿದವನು ಏನನ್ನಾದರೂ ನಂಬುತ್ತಾನೆ.

ಉಳಿದವರು ಹೊತ್ತು ಹೋಗಲೆಂದು ಬರುತ್ತಿದ್ದರು. ಜಂಪರ್, ಅಂದರೆ ರವಿಕೆ, ಹೊಲಿಯುವ ಸಿರಸಂಗಿಯ ಅಕ್ಕ ಮಾತ್ರ ಹಾಗಲ್ಲ. ಮಗಳನ್ನು ಇಂಗ್ಲೀಷ್ ಶಾಲೆಗೆ ಹಾಕಬೇಕು, ಅಲ್ಲಿ ತಾಯಿಗೂ ಇಂಗ್ಲೀಷಿನಲ್ಲೇ ಸಂದರ್ಶನ. "ಸರ್, ನನ್ನ ಸಲುವಾಗಿ ಆಕಿ ಸೀಟ ಹೋಗಬಾರದ್ರಿ" ಎಂದು ಮೊದಲ ದಿನವೇ ಹೇಳಿದ್ದಳು. ಆ ಮಾತು ನನ್ನ ನಿದ್ದೆ ಕೆಡಿಸಿತ್ತು.

ರೊಟ್ಟಿ

ಮೊದಲ ವಿಡಿಯೋದಲ್ಲಿ ಒಬ್ಬ ನಟ ಅಡುಗೆಮನೆಯಲ್ಲಿ ಸೌಟು, ಮುಚ್ಚಳ, ಜರಡಿ ಒಂದೊಂದನ್ನೇ ಕೈಜಾರಿ ಕೆಡವುತ್ತ, ಅವುಗಳ ಇಂಗ್ಲೀಷ್ ಹೆಸರು ಹೇಳುತ್ತಾನೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಆತ ಜೋಳದ ಹಿಟ್ಟು ನಾದಿ, ಲಟ್ಟಣಿಗೆ ಕೈಗೆ ತೆಗೆದುಕೊಂಡ.

ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುವ, ಎಲ್ಲರಿಗೂ ಚಿಕ್ಕಮ್ಮನಂತಿರುವ ಕಾಕು ಎದ್ದು ನಿಂತರು. "ಬಂದ್ ಮಾಡ್ರಿ ಸರ್ ಅದನ್ನ! ಜ್ವಾಳದ ರೊಟ್ಟಿ ಕೈಲೇ ಬಡೀಬೇಕು, ಲಟ್ಟಸತಾರೇನು? ಅಂವಗ ಹೇಳವ್ರು ಕೇಳವ್ರು ಯಾರೂ ಇಲ್ಲೇನ್ರಿ?"

ಮುಂದಿನ ಮುಕ್ಕಾಲು ಗಂಟೆ ರೊಟ್ಟಿಯ ಪಾಠ ನಡೆಯಿತು. ಕಲಿತವನು ನಾನೊಬ್ಬನೇ. ಹೋಗುವಾಗ, "ಇವತ್ತು ಯಾವ ಶಬ್ದ ಕಲಿತಿರಿ?" ಎಂದು ಕೇಳಿದೆ. ಕಾಕು ಚಪ್ಪಲಿ ಮೆಟ್ಟುತ್ತ ಅಂದರು: "ಶಬ್ದಾ ಇರ್ಲಿ ಬಿಡ್ರಿ ಸರ್, ಮದಲ ಅಂವಾ ರೊಟ್ಟಿ ಬಡ್ಯೂದು ಕಲೀಲಿ."

ಸಾರಿ

ಇನ್ನೊಂದು ವಿಡಿಯೋದಲ್ಲಿ ಕ್ರಿಕೆಟ್ ಆಟಗಾರನೊಬ್ಬ ಅಂಗಡಿಯಲ್ಲಿ ಎಲ್ಲರಿಗೂ ಡಿಕ್ಕಿ ಹೊಡೆಯುತ್ತ 'ಸಾರಿ, ಸಾರಿ' ಅನ್ನುತ್ತಾನೆ. ಹೊಲಿಗೆಯ ಅಕ್ಕ ಅದನ್ನು ಮರುದಿನವೇ ಬಳಕೆಗೆ ತಂದಳು. ಹೇಳಿದ ದಿನಕ್ಕೆ ಜಂಪರ್ ಆಗಿರಲಿಲ್ಲ. ಗಿರಾಕಿ ಬಂದೊಡನೆ "ಸಾರಿ" ಅಂದು ಮತ್ತೆ ಮಷೀನು ತುಳಿದಳು.

ಸಂಜೆ ಆ ಗಿರಾಕಿ ನನ್ನನ್ನು ಹುಡುಕಿಕೊಂಡು ಬಂದಳು. "ಏನ್ ಕಲಸಾಕ ಹತ್ತೀರಿ ಮಾಸ್ತರ? ಮದಲ ಜಂಪರ್ ತಡಾ ಆತಂದ್ರ ಕುಂದರಿಸಿ, ಚಾ ಕೊಟ್ಟು, ಅತ್ತಿ ಜಡ್ಡು, ಕರೆಂಟ್ ಹೋಗಿದ್ದು, ಸೂಜಿ ಮುರದಿದ್ದು ಎಲ್ಲಾ ಹೇಳತಿದ್ಲು. ಈಗ ಬರೇ ಸಾರಿ ಅಂತಾಳ! ಜಂಪರೂ ಇಲ್ಲ, ಚಾನೂ ಇಲ್ಲ!"

ನಾನೇ ಚಹಾ ತರಿಸಿಕೊಟ್ಟೆ.

ಕೇಕು

ಸಂದರ್ಶನ ಹತ್ತಿರ ಬಂದಿತ್ತು. ಹಾಗಾಗಿ ವಿನಯದ ಮಾತು ಕಲಿಸಲೆಂದು, ಅತಿಥಿಯಾಗಿ ಹೋದ ನಟನ ವಿಡಿಯೋ ಹಾಕಿದೆ. ಮನೆಯೊಡತಿ ಕೇಕು ಬೇಕೇ ಎಂದು ಕೇಳುತ್ತಾಳೆ. ಆತ ಬಾಯಲ್ಲಿ ನೀರೂರುತ್ತಿದ್ದರೂ "ನೋ, ಥ್ಯಾಂಕ್ ಯೂ" ಅನ್ನುತ್ತಾನೆ. ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಯೇ ಬಿಡುತ್ತಾಳೆ. ವಿಡಿಯೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ನಮ್ಮ ತರಗತಿಯಲ್ಲಿ ಒಬ್ಬರೂ ನಗಲಿಲ್ಲ. "ಪಾಪ, ಇನ್ನೊಮ್ಮೆ ಕೇಳಬೇಕಿತ್ರಿ" ಎಂದಳು ಹೊಲಿಗೆಯ ಅಕ್ಕ. "ಆಕಿದು ಎಂಥಾ ಮನಿತನ?" ಎಂದರು ಕಾಕು.

ಅದನ್ನೇ ಇಬ್ಬರಿಂದ ಮಾಡಿಸಿದೆ. ಅಕ್ಕ 'ನೋ, ಥ್ಯಾಂಕ್ ಯೂ' ಅಂದಾಗಲೆಲ್ಲ ಕಾಕು 'ಪ್ಲೀಸ್, ಪ್ಲೀಸ್' ಎಂದು ಇಲ್ಲದ ತಟ್ಟೆಯನ್ನು ಮುಂದೆ ತಳ್ಳಿದರು. ಸಾಕು ಎಂದು ನಾನು ಕೈ ಮುಗಿದೆ. "ಆಕಿ ತಿಂದಿಲ್ಲಲ್ರಿ ಇನ್ನೂ?" ಅಂದರು ಕಾಕು.

ಸೀಟು

ಸಂದರ್ಶನದ ದಿನ ಅಕ್ಕ ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದಳು. ನಾನು ಬಾಯಿ ಬಿಡಬಾರದು ಎಂಬ ಷರತ್ತಿನ ಮೇಲೆ ಒಳಗೆ ಕೂಡಿಸಿದರು. ಪ್ರಿನ್ಸಿಪಾಲ್ ಮೇಡಂ ಅವಳ ಕೆಲಸ, ಮನೆ, ಅಡುಗೆಯ ಬಗ್ಗೆ ಕೇಳಿದ್ದಕ್ಕೆಲ್ಲ ಅಕ್ಕ ಇಂಗ್ಲೀಷಿನಲ್ಲಿ ಟಕಟಕ ಉತ್ತರ ಕೊಟ್ಟಳು. ಸೂಜಿ, ಕತ್ತರಿ, ಸೌಟು, ಮುಚ್ಚಳ, ಒಂದರ ಹೆಸರೂ ತಪ್ಪಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷಕ್ಕೆ ಒಬ್ಬಳಾದರೂ ಕಲಿತಳಲ್ಲ!

ಮೇಡಂ ಖುಷಿಯಾಗಿ, ನಿಮ್ಮ ಮಗಳಿಗೆ ಸೀಟು ಕೊಡೋಣವೇ ಎಂದು ಇಂಗ್ಲೀಷಿನಲ್ಲೇ ಕೇಳಿದರು.

"ನೋ, ಥ್ಯಾಂಕ್ ಯೂ" ಎಂದಳು ಅಕ್ಕ. ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಎರಡನೇ ಸಲ ಕೇಳಲೆಂದು ಕಾಯುತ್ತ ಕುಳಿತಳು.

ಮೇಡಂ "ಓಕೆ" ಅಂದು ಅರ್ಜಿಯನ್ನು ಬದಿಗಿಟ್ಟು, ಮುಂದಿನವರಿಗೆ ಬೆಲ್ ಒತ್ತಿದರು.

ಷರತ್ತು ಮರೆತು ಚೀರಿದೆ: "ಮೇಡಂ, ಇನ್ನೊಮ್ಮೆ ಕೇಳ್ರಿ! ಮದಲನೇ ಸಲಕ್ಕ ಹೂಂ ಅನ್ನೂದು ನಮ್ಮ ಕಡೆ ಮರ್ಯಾದಿ ಅಲ್ರಿ!"

ಮೇಡಂ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಅವರೂ ನಮ್ಮ ಕಡೆಯವರೇ, ರಾಮದುರ್ಗದವರು ಎಂದು ಗೊತ್ತಾಗಿದ್ದು ಬಾಯಿ ತೆರೆದ ಮೇಲೆಯೇ. "ತಗೋರಿ ಅಕ್ಕಾರ, ನಾಚಬ್ಯಾಡ್ರಿ. ನಮ್ಮ ಸಾಲಿ ಅಂದ್ರ ನಿಮ್ಮ ಮನಿ ಇದ್ದಂಗ."

"ನೀವು ಇಷ್ಟು ಅನ್ನಾಕ ಹತ್ತೀರಿ ಅಂದ್ರ, ತಗೋತೇನ್ರಿ" ಎಂದಳು ಅಕ್ಕ.

ಹೊರಗೆ ಬಂದು ನಾನು ಗೋಡೆಗೆ ಒರಗಿ ನಿಂತೆ. ಬೆವರು ಒರೆಸಿಕೊಂಡು ನಕ್ಕುಬಿಟ್ಟೆ. ಅಕ್ಕ ಮಾತ್ರ ಚಿಂತೆಯಲ್ಲಿದ್ದಳು. "ಸೀಟೇನೋ ಸಿಕ್ತು ಸರ್. ಆದ್ರ ಒಂದ ಸಲ ಕೇಳಿ ಬಿಡೋ ಭಾಷಿ ಕಲ್ತು, ನಮ್ಮ ಹುಡುಗಿ ನಾಳೆ ಮನಿಗೆ ಬಂದವ್ರನ್ನ ಉಪಾಸ ಕಳಸಂಗಿಲ್ಲಲ್ರಿ?"