ಮೂರು ಸಲ ಕೇಳಬೇಕು

ಎಲ್ಲ ತಾಪತ್ರಯಕ್ಕೂ ಕಾರಣವಾದದ್ದು ಒಂದು ಬಿಸ್ಕತ್ತು. ಅದನ್ನು ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಡ್ವೇನ್ ಪ್ರಿಟ್ಜಲ್ ತಿನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವುದರಲ್ಲೇ ತಿಂಡಿಯ ಹೊತ್ತು ಕಳೆದು, ಖಾಲಿ ಹೊಟ್ಟೆಯಲ್ಲಿ ಮೋಟೆಲಿಗೆ ಹೋಗಿ ಹಾಲೆಂಡಿನ ಅತಿಥಿಯನ್ನು ಹತ್ತಿಸಿಕೊಂಡಿದ್ದ. ಅತಿಥಿಯ ಹೆಸರು ಶೂರ್ಡ್ ಹೋಕ್‌ಸ್ಟ್ರಾ. ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು ಕೂತ ಆ ಉದ್ದನೆಯ ಮನುಷ್ಯ ಚೀಲದಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಬೆಲ್ಲದ ಪಾಕದಂಥ ವಾಸನೆ ಕಾರಿನ ತುಂಬ ಹರಡಿತು.

"ತಗೊಳ್ತೀರಾ?"

"ಅಯ್ಯೋ, ಬೇಡ ಬೇಡ. ಈಗ ತಾನೇ ತಿಂಡಿ ಆಯ್ತು," ಎಂದ ಡ್ವೇನ್.

ವಿಸ್ಕಾನ್ಸಿನ್‌ನ ನಮ್ಮ ಕಡೆ ಇದೇ ಪದ್ಧತಿ. ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ, ನಿಮಗೇ ಕಡಿಮೆಯಾಗುತ್ತದಲ್ಲ ಅನ್ನಬೇಕು. ಮೂರನೆಯ ಸಲ, ಇಷ್ಟು ಬಲವಂತ ಮಾಡುತ್ತಿದ್ದೀರಿ ಅಂತ ಮಾತ್ರ ಅರ್ಧ ತೆಗೆದುಕೊಳ್ಳುತ್ತೇನೆ ಎಂದು ಎರಡು ಎತ್ತಿಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚುವವನನ್ನು ಅವನ ತಾಯಿ ಸರಿಯಾಗಿ ಬೆಳೆಸಿಲ್ಲ ಎಂದು ಊರೇ ಆಡಿಕೊಳ್ಳುತ್ತದೆ.

ಡ್ವೇನ್ ಎರಡನೆಯ ಸಲಕ್ಕೆ ಕಾದ. ಡಬ್ಬಿ ಟಪ್ಪೆಂದು ಮುಚ್ಚಿಕೊಂಡು ಚೀಲ ಸೇರಿತು. ಹೋಕ್‌ಸ್ಟ್ರಾ ಕಿಟಕಿಯಾಚೆ ಹಿಮದಲ್ಲಿ ನಿಂತಿದ್ದ ಹಸುಗಳನ್ನು ನೋಡತೊಡಗಿದರು.

ಡ್ವೇನನ ಹೊಟ್ಟೆ ಚುರುಗುಟ್ಟಿತು. ಅದಕ್ಕಿಂತ ಹೆಚ್ಚಾಗಿ ಎದೆ ಧಸಕ್ಕೆಂದಿತು. ಈ ಮನುಷ್ಯ ಇನ್ನೊಂದು ಗಂಟೆಯಲ್ಲಿ ಲೊರೇನ್ ಕುಬಿಯಾಕ್ ಎದುರು ಕೂರಲಿದ್ದಾರೆ. ಲೊರೇನ್ ಅಂದರೆ ಸ್ವಂತ ಮದುವೆಯ ಪ್ರಸ್ತಾಪಕ್ಕೇ ಎರಡು ಸಲ ಬೇಡ ಅಂದಿದ್ದ ಹೆಂಗಸು. ಇವರು ಒಂದು ಸಲ ಕೇಳುತ್ತಾರೆ, ಅವಳು ಬೇಡ ಅನ್ನುತ್ತಾಳೆ, ಇವರು ಡಬ್ಬಿ ಮುಚ್ಚಿದ ಹಾಗೆ ಮಾತುಕತೆ ಮುಚ್ಚಿ ವಿಮಾನ ಹತ್ತುತ್ತಾರೆ. ಅಲ್ಲಿಗೆ ಡ್ವೇನನ ಕತೆ ಮುಗಿಯಿತು.

ನಮ್ಮ ಜಿಲ್ಲೆಯ ಸಣ್ಣಪುಟ್ಟ ಉದ್ಯಮಗಳಿಗೆ ಯುರೋಪಿನಲ್ಲಿ ಜೊತೆಗಾರರನ್ನು ಹುಡುಕಿಕೊಡುವ ಕಚೇರಿ ಅವನದು. ಮದುವೆ ದಲ್ಲಾಳಿಯ ಕೆಲಸವೇ, ವಧೂವರರು ಮಾತ್ರ ಕಾರ್ಖಾನೆಗಳು. ಇಷ್ಟು ವರ್ಷಗಳಲ್ಲಿ ಒಂದು ಸಂಬಂಧವೂ ಕುದುರಿರಲಿಲ್ಲ. ಬೇಸತ್ತ ಜಿಲ್ಲಾ ಮಂಡಳಿ ತಿಂಗಳ ಕೊನೆಗೆ ಕಚೇರಿಗೆ ಬೀಗ ಹಾಕುವುದೆಂದು ತೀರ್ಮಾನಿಸಿತ್ತು. ಉಳಿದಿದ್ದ ಆಸೆ ಒಂದೇ. ಹೋಕ್‌ಸ್ಟ್ರಾ ತಯಾರಿಸುವುದು ಹಸುವಿನ ಗೊರಸು ಕತ್ತರಿಸುವಾಗ ಅದನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಲೊರೇನ್ ಮತ್ತು ಅವಳ ತಮ್ಮ ಲೀರಾಯ್ ತಯಾರಿಸುವುದು ಕೊಟ್ಟಿಗೆಯಲ್ಲಿ ಹಸು ಮಲಗುವ ರಬ್ಬರ್ ಹಾಸು. ಇವರ ಮಾಲು ಅಲ್ಲಿ, ಅವರ ಮಾಲು ಇಲ್ಲಿ ಮಾರುವ ಜಂಟಿ ಕಂಪನಿಯಾದರೆ ಅದಕ್ಕೆ ಇಲ್ಲಿ ಒಬ್ಬ ವ್ಯವಸ್ಥಾಪಕ ಬೇಕಾಗುತ್ತಾನೆ ಎಂದು ಹೋಕ್‌ಸ್ಟ್ರಾ ಮೊದಲೇ ಹೇಳಿದ್ದರು. ಆ ಕುರ್ಚಿಯಲ್ಲಿ ಡ್ವೇನ್ ಮನಸ್ಸಿನಲ್ಲೇ ಎಷ್ಟೋ ಸಲ ಕೂತು ಎದ್ದಿದ್ದ.

ಅವನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ.

"ನೋಡಿ ಸಾರ್, ನಮ್ಮ ಜನ ಬೇಡ ಅಂದ್ರೆ ಅದು ಬೇಡ ಅಂತ ಅಲ್ಲ. ಇನ್ನೊಂದ್ಸಲ ಕೇಳಿ ಅಂತ. ಮೂರು ಸಲ ಕೇಳ್ಬೇಕು. ನೀವೂ ಅಷ್ಟೆ, ಅವರು ಏನಾದ್ರೂ ಕೊಟ್ರೆ ಮೊದ್ಲು ಬೇಡ ಅನ್ನಿ. ಇಲ್ದಿದ್ರೆ ದುರಾಸೆಯವರು ಅಂದ್ಕೋತಾರೆ."

"ಬೇಕಿದ್ರೂ ಬೇಡ ಅನ್ಬೇಕಾ?"

"ಬೇಕಿದ್ರೇ ಬೇಡ ಅನ್ಬೇಕು."

"ಇದು ಶುದ್ಧ ಮೂರ್ಖತನ," ಅಂದರು ಹೋಕ್‌ಸ್ಟ್ರಾ. "ಆದ್ರೆ ಕಲೀತೀನಿ."

ಲೊರೇನಳ ಕಾರ್ಖಾನೆಯೆಂದರೆ ಮನೆಯ ಹಿಂದಿನ ಹಳೆಯ ಕೊಟ್ಟಿಗೆ. ಅವಳು ಹೊಸ ಸ್ವೆಟರ್ ತೊಟ್ಟು ಬಾಗಿಲಲ್ಲೇ ನಿಂತಿದ್ದಳು.

"ಬನ್ನಿ, ಕೂತ್ಕೊಳ್ಳಿ. ಕಾಫಿ ಕೊಡ್ಲಾ?"

ಕೊರೆಯುವ ಚಳಿಯಲ್ಲಿ ಬಂದ ಹೋಕ್‌ಸ್ಟ್ರಾ ಕಾಫಿಯ ಪಾತ್ರೆಯನ್ನೇ ಆಸೆಯಿಂದ ನೋಡುತ್ತ, ಪಾಠ ಒಪ್ಪಿಸುವವರಂತೆ, "ಅಯ್ಯೋ, ಬೇಡ ಬೇಡ," ಎಂದರು.

"ಸರಿ," ಎಂದ ಲೊರೇನ್ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟಳು.

ಡ್ವೇನ್ ಬಾಯಿ ಬಿಟ್ಟುಕೊಂಡು ನೋಡಿದ. ಈ ಲೊರೇನ್ ಅಂಚೆಯವನಿಗೂ ಬಲವಂತವಾಗಿ ಊಟ ಹಾಕಿ ಕಳಿಸುವವಳು. ಮೈಗೆ ಹುಷಾರಿಲ್ಲವೇನೋ ಅಂದುಕೊಂಡ.

ಹೋಕ್‌ಸ್ಟ್ರಾ ಒಂದು ಹಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ರಬ್ಬರಿಗೆ ಏನೇನು ಬೆರೆಸ್ತೀರಿ? ಹೇಳ್ತೀರಾ?" ಎಂದು ಕೇಳಿದರು.

"ಇಲ್ಲ," ಎಂದಳು ಲೊರೇನ್. ಅದು ಅವರಪ್ಪ ಸಾಯುವ ಮುಂಚೆ ಮಕ್ಕಳಿಬ್ಬರಿಗೇ ಹೇಳಿಕೊಟ್ಟ ಗುಟ್ಟು.

ಹೋಕ್‌ಸ್ಟ್ರಾರ ಮುಖ ಅರಳಿತು. ಮೊದಲ ಬೇಡ ಆಯಿತು! "ದಯವಿಟ್ಟು ಹೇಳಿ. ಏನೇನು ಬೆರೆಸ್ತೀರಿ?"

"ಹೇಳಲ್ಲ ಅಂದ್ನಲ್ಲ."

ಎರಡೂ ಆಯಿತು. ಅವರು ಖುಷಿಯಿಂದ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಕೊನೇ ಸಲ ಕೇಳ್ತಿದೀನಿ. ಹೇಳಲೇಬೇಕು!" ಎಂದರು.

ಮೂಲೆಯಲ್ಲಿ ಯಂತ್ರದ ಮುಂದೆ ಕೂತಿದ್ದ ಲೀರಾಯ್ ನಿಧಾನವಾಗಿ ಎದ್ದು ನಿಂತ. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು.

"ಹವಾ ನೋಡಿ, ನಾಳೆಯಿಂದ ಇನ್ನೂ ಚಳಿಯಂತೆ!" ಎಂದು ಡ್ವೇನ್ ಮಧ್ಯೆ ಕೂಗಿದ. ನಮ್ಮ ಕಡೆ ಎಂಥ ಜಗಳವನ್ನೂ ತಡೆಯುವ ಮಾತು ಅದು. ಲೀರಾಯ್ "ಹೂಂ, ಇರ್ಬೋದು" ಎಂದು ಕೂತ.

ಲೊರೇನ್ ಕೋಪ ನುಂಗಿಕೊಂಡು, ಯಾರೋ ಕಲಿಸಿಕೊಟ್ಟ ಹಾಗೆ ನೇರವಾಗಿ ಕೇಳಿದಳು. "ವಿಷಯಕ್ಕೆ ಬರೋಣ. ನಮ್ಮ ಹಾಸುಗಳನ್ನ ನಿಮ್ಮ ಕಡೆ ಮಾರ್ತೀರಾ? ನಿಮ್ಮ ಚೌಕಟ್ಟು ನಾವಿಲ್ಲಿ ಮಾರ್ತೀವಿ."

ಇದೊಂದು ಮಾತಿಗಾಗಿಯೇ ಹೋಕ್‌ಸ್ಟ್ರಾ ಸಮುದ್ರ ದಾಟಿ ಬಂದಿದ್ದರು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, ಇಲ್ಲೇ ಹುಟ್ಟಿ ಬೆಳೆದವರ ಹಾಗೆ ತಲೆ ತಗ್ಗಿಸಿ, "ಛೇ ಛೇ, ಬೇಡ. ನಮ್ಮಿಂದ ನಿಮಗ್ಯಾಕೆ ತೊಂದ್ರೆ," ಎಂದರು.

"ಸರಿ ಹಾಗಾದ್ರೆ," ಎಂದ ಲೊರೇನ್ ಹಾಸನ್ನು ಸುರುಳಿ ಸುತ್ತತೊಡಗಿದಳು.

ಡ್ವೇನ್ ಹೋಕ್‌ಸ್ಟ್ರಾರ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದ. ಅಷ್ಟರಲ್ಲಿ ಅಂಗಳದಲ್ಲಿ ಇನ್ನೊಂದು ಕಾರು ನಿಂತು ಅದರಿಂದ ಗೇಲ್ ಮಾರ್ಕೆಟಿ ಇಳಿದಳು. ಅವನ ಕಚೇರಿಯ ಇನ್ನೊಂದು ಮೇಜು ಅವಳದು. ನ್ಯೂಜೆರ್ಸಿಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವಳಲ್ಲಿ ತಡವಾಗುತ್ತಿರಲಿಲ್ಲ. ಯಾರೂ ಕರೆಯದಿದ್ದರೂ ಬಂದಿದ್ದಳು.

"ಏನಯ್ಯಾ, ಕುದುರ್ತಾ? ನಿನ್ನೆ ರಾತ್ರೀನೇ ಲೊರೇನ್‌ಗೆ ಫೋನ್ ಮಾಡಿ ಎಲ್ಲಾ ಹೇಳಿಕೊಟ್ಟಿದೀನಿ."

"ಏನು ಹೇಳಿಕೊಟ್ಟೆ?" ಡ್ವೇನನ ಧ್ವನಿ ಕೀರಲಾಯಿತು.

"ಡಚ್ಚರು ಒಂದೇ ಮಾತಿನ ಜನ. ಬೇಕಂದ್ರೆ ಬೇಕು, ಬೇಡಂದ್ರೆ ಬೇಡ. ಎರಡು ಸಲ ಕೇಳಿದ್ರೆ ಅವಮಾನ ಅಂದ್ಕೋತಾರೆ ಅಂದೆ. ಪಾಪ, ಬರ್ಕೊಂಡು ಅಭ್ಯಾಸ ಮಾಡಿದಾಳೆ."

ಡ್ವೇನ್ ಸಾಮಾನ್ಯವಾಗಿ ಸಿಟ್ಟಾಗುವವನಲ್ಲ. ಈಗ ಟೋಪಿ ಕಿತ್ತು ಹಿಮದ ಮೇಲೆ ಎಸೆದ.

"ನಿನ್ನನ್ನ ಯಾರು ಕೇಳಿದ್ರು? ಇಲ್ಲಿ ನಾನು ಇವರನ್ನ ನಮ್ಮವರ ಥರ ಮಾಡಿದೀನಿ, ಅಲ್ಲಿ ನೀನು ಅವಳನ್ನ ಇವರ ಥರ ಮಾಡಿದೀಯ! ಇನ್ನು ಯಾರ ಬೇಡ ಯಾವ ಬೇಡ ಅಂತ ಆ ದೇವರಿಗೂ ಗೊತ್ತಾಗಲ್ಲ!"

"ಅದಕ್ಕೇನಂತೆ, ಈಗ ಒಳಗೆ ಹೋಗಿ ಲೊರೇನ್‌ಗೆ ಮತ್ತೆ ಹಳೇ ಥರಾನೇ ಇರು ಅಂತೀನಿ—"

"ಹೆಜ್ಜೆ ಇಟ್ರೆ ನೋಡು! ಇಲ್ಲೇ ನಿಲ್ಲು!" ಡ್ವೇನ್ ಅವಳ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಹೋಕ್‌ಸ್ಟ್ರಾರ ಕಡೆ ತಿರುಗಿದ. "ಸಾರ್, ನಾನು ಹೇಳಿದ್ದೆಲ್ಲ ಮರೆತುಬಿಡಿ. ಬೇಡ ಅಂದ್ರೆ ಬೇಡ. ಒಂದೇ ಸಲ ಕೇಳಿ, ಸಿಕ್ಕ ಉತ್ತರ ತಗೊಳ್ಳಿ, ಮುಗೀತು."

"ಎಲ್ಲರ ಹತ್ರಾನೂ?"

"ಈ ಜಿಲ್ಲೆಯಲ್ಲಿ ಉಸಿರಾಡೋ ಪ್ರತಿಯೊಬ್ಬರ ಹತ್ರಾನೂ!"

"ಎರಡನೇ ಸಲ ಕೇಳಬಾರದು?"

"ಪ್ರಾಣ ಹೋದ್ರೂ ಕೇಳಬಾರದು!"

ಹೋಕ್‌ಸ್ಟ್ರಾ ಭುಜದ ಮೇಲಿನ ಮೂಟೆ ಇಳಿಸಿದವರಂತೆ ಉಸಿರು ಬಿಟ್ಟರು. ನೆಟ್ಟಗೆ ಒಳಗೆ ಹೋಗಿ, ಕಾಫಿ ಬೇಕು ಅಂದರು; ಬಂತು. ರಬ್ಬರಿನ ಗುಟ್ಟು ಬೇಡ, ಅದು ನಿಮ್ಮಲ್ಲೇ ಇರಲಿ ಅಂದರು. ಲೀರಾಯ್ ಸ್ಪ್ಯಾನರ್ ಕೆಳಗಿಟ್ಟ. ನಿಮ್ಮ ಹಾಸಿನ ಅಂಚು ವಿಪರೀತ ದಪ್ಪ, ಹಸು ಮುಗ್ಗರಿಸುತ್ತದೆ ಅಂದರು. ನಿಮ್ಮ ಚೌಕಟ್ಟಿನ ಬಣ್ಣ ವಾಂತಿ ಬರಿಸುವ ಹಾಗಿದೆ ಎಂದಳು ಲೊರೇನ್, ಹುಟ್ಟಿದಾಗಿನಿಂದ ತಡೆದಿಟ್ಟುಕೊಂಡಿದ್ದ ಸತ್ಯವನ್ನೆಲ್ಲ ಒಟ್ಟಿಗೆ ಹೇಳುವ ಸುಖದಲ್ಲಿ. ಇಬ್ಬರೂ ನಗತೊಡಗಿದರು. ಮಧ್ಯಾಹ್ನದೊಳಗೆ ಜಂಟಿ ಕಂಪನಿಗೆ ಒಪ್ಪಿ ಕೈಕುಲುಕಿ ಆಗಿತ್ತು. ಲೀರಾಯ್ "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಸಂಜೆ ಎಲ್ಲರೂ ಊರಿನ ಹೋಟೆಲಿಗೆ ಮೀನೂಟಕ್ಕೆ ಹೋದರು. ನಮ್ಮ ಕಡೆ ಶುಕ್ರವಾರ ಸಂಜೆಯೆಂದರೆ ಮೀನೂಟವೇ, ಬೇರೆಲ್ಲಿಗೆ ಹೋಗುತ್ತಾರೆ? ಹುರಿದ ಮೀನು, ಆಲೂಗಡ್ಡೆಯ ರೊಟ್ಟಿ, ಬ್ರಾಂದಿ. ಡ್ವೇನ್ ದಿನವಿಡೀ ಏನೂ ತಿಂದಿರಲಿಲ್ಲ. ಆದರೂ ಹಸಿವು ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಜೀವನದಲ್ಲಿ ಮೊದಲ ಸಲ ತಾನು ಮಾಡಿದ್ದೊಂದು ನೆಟ್ಟಗಾಗಿತ್ತು. ಅವನಿಗೆ ನಿಜವಾಗಿ ಸಂತೋಷವಾಗಿತ್ತು.

ಹೋಕ್‌ಸ್ಟ್ರಾ ಚಮಚದಿಂದ ಗ್ಲಾಸು ತಟ್ಟಿ ಎದ್ದು ನಿಂತರು.

"ನಮ್ಮ ಹೊಸ ಕಂಪನಿಗೆ ಇಲ್ಲಿ ಒಬ್ಬ ವ್ಯವಸ್ಥಾಪಕರು ಬೇಕು. ಲೊರೇನ್ ಮತ್ತೆ ನಾನು ಇಬ್ಬರೂ ಮಾತಾಡಿಕೊಂಡಿದೀವಿ. ಡ್ವೇನ್, ಈ ಕೆಲಸ ನೀವು ಮಾಡ್ತೀರಾ?"

ಮೇಜಿನ ಸುತ್ತ ಎಲ್ಲರ ಕಣ್ಣೂ ಅವನ ಮೇಲೆ. ಅವನ ಕಿವಿ ಕೆಂಪಾಯಿತು. ಕಣ್ಣು ತುಂಬಿಬಂತು. ಅವನ ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಲ್ಲರೂ ಸೇರಿ ಒತ್ತಿದ ಹಾಗೆ ಬಾಯಿ ತಾನಾಗಿ ತೆರೆದುಕೊಂಡಿತು.

"ಅಯ್ಯೋ, ಇಲ್ಲ ಇಲ್ಲ. ನನ್ನ ಕೈಲೆಲ್ಲಿ ಆಗುತ್ತೆ. ನನಗಿಂತ ಒಳ್ಳೆಯವರು ಸಿಗ್ತಾರೆ ನಿಮಗೆ."

ಹೇಳಿ, ತಲೆ ತಗ್ಗಿಸಿ, ಮುಗುಳ್ನಗುತ್ತ ಕಾದ.

"ಸ್ಪಷ್ಟ ಉತ್ತರ. ಒಳ್ಳೇದು," ಎಂದರು ಹೋಕ್‌ಸ್ಟ್ರಾ. "ಗೇಲ್, ನೀವು?"

"ಮಾಡ್ತೀನಿ. ಯಾವಾಗಿಂದ?" ಎಂದಳು ಗೇಲ್, ಬಾಯಲ್ಲಿ ಮೀನು ಇದ್ದಂತೆಯೇ.

ಕೈಕುಲುಕಾಟ ಆಯಿತು. ಲೀರಾಯ್ ಎಲ್ಲರಿಗೂ ಇನ್ನೊಂದು ಸುತ್ತು ಬ್ರಾಂದಿ ಹೇಳಿದ. ಡ್ವೇನನ ಮುಗುಳ್ನಗೆ ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ಲೊರೇನ್ ಅವನನ್ನು ದಿಟ್ಟಿಸಿ ನೋಡಿದಳು. ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವನನ್ನು ಬಲ್ಲವಳು. ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಡ್ವೇನ್, ನಿಜ ಹೇಳಪ್ಪಾ. ನಿಂಗೆ ಆ ಕೆಲಸ ಬೇಕಿತ್ತು ತಾನೇ?"

ಡ್ವೇನ್ ಹೌದೆಂದು ತಲೆಯಾಡಿಸಿದ.

"ಅಯ್ಯೋ ಪಾಪ! ಇನ್ನೂ ಏನೂ ಮಿಂಚಿಲ್ಲ. ನಾನು ಈಗ್ಲೇ ಅವರಿಗೆ ಹೇಳಿಬಿಡ್ಲಾ?"

"ಛೇ, ಬೇಡ ಬೇಡ," ಎಂದ ಡ್ವೇನ್. "ನನ್ನಿಂದ ನಿಮಗ್ಯಾಕೆ ತೊಂದ್ರೆ."

"ಸರಿ," ಎಂದ ಲೊರೇನ್ ತಟ್ಟೆಯ ಕಡೆ ತಿರುಗಿ ಮೀನು ತಿನ್ನತೊಡಗಿದಳು.