ನಾನು ಚಹಾ ಬಿಟ್ಟ ಒಂದೂವರೆ ದಿನ

ಚಹಾ ಬಿಡುವುದೆಂದರೆ ಏನು ಮಹಾ! ಬೂದಿ ಬುಧವಾರ ಬಾಗಲಕೋಟೆಯ ನವನಗರದ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನೇ, ಈಸ್ಟರ್ ಹಬ್ಬದವರೆಗೆ ನಲವತ್ತು ದಿನ ಚಹಾ ಮತ್ತು ಸಿಟ್ಟು ಎರಡನ್ನೂ ತ್ಯಜಿಸಿದ್ದೇನೆ ಎಂದು ಮನೆಯಲ್ಲಿ ಘೋಷಿಸಿದೆ. ಕಾಳು ಆರಿಸುತ್ತಿದ್ದ ಹೆಂಡತಿ ಥೆರೇಸಾ ತಲೆ ಎತ್ತಲೂ ಇಲ್ಲ.

ಫಾದರ್ ಇನ್ನೊಂದು ಮಾತು ಹೇಳಿದ್ದರು. ಯಾರೊಂದಿಗೆ ಮಾತು ಬಿಟ್ಟಿದ್ದೀರೋ ಮೊದಲು ಅವರ ಮನೆಗೆ ಹೋಗಿ, ಆಮೇಲೆ ಉಪವಾಸ ಮಾಡಿ ಎಂದು. ನಾನು ಮಾತು ಬಿಟ್ಟದ್ದು ಇಳಕಲ್ಲಿನ ಸೀರೆ ವ್ಯಾಪಾರಿ ರಸೂಲನೊಂದಿಗೆ. ಶಾಲೆಯಿಂದಲೂ ಗೆಳೆಯ. ಮೂರು ವರ್ಷದ ಹಿಂದೆ ಅವನ ಮಗಳ ಮದುವೆಯಲ್ಲಿ ನಾಲ್ಕು ಮಾತಾಡು ಎಂದು ನನಗೆ ಮೈಕ್ ಕೊಟ್ಟರು. ಬಿರಿಯಾನಿಗೆ ಉಪ್ಪು ಕಡಿಮೆ ಎಂದುಬಿಟ್ಟೆ. ಬೀಗರೆದುರು! ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವನಿಲ್ಲದೆ ನನಗೆ ಬಹಳ ಬೇಸರವಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಮರುದಿನ ಬೂದಿ ಅಳಿಸದಂತೆ ಹಣೆಯೊಂದನ್ನು ಬಿಟ್ಟು ಮುಖ ತೊಳೆದೆ.

“ಉಪವಾಸ ದೇವರಿಗೆ ಗೊತ್ತಾದ್ರ ಸಾಕ್ರಿ. ಊರಿಗೆಲ್ಲಾ ಡಂಗುರ ಯಾಕ?” ಎಂದಳು ಥೆರೇಸಾ.

ಸಿಟ್ಟು ಬಿಟ್ಟಿದ್ದೆನಲ್ಲ, ಚಪ್ಪಲಿ ಮೆಟ್ಟಿ ಹೋಗಿ ಇಳಕಲ್ಲಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಹಣೆ ನೋಡಿದ ಹಿರಿಯರೊಬ್ಬರು ವಿಭೂತಿಯೆಂದುಕೊಂಡು, ಶರಣ್ರಿ ಎಂದು ಕೈಮುಗಿದು ಸೀಟು ಬಿಟ್ಟರು. ಯಾವ ಮಠದವರು ಎಂದೂ ವಿಚಾರಿಸಿದರು. ನಿಜ ಹೇಳಿದರೆ ಸೀಟು ಹೋದೀತು! ಕಣ್ಣು ಮುಚ್ಚಿ ಧ್ಯಾನಸ್ಥನಾದೆ. ಪಶ್ಚಾತ್ತಾಪ ಕಾಲದ ಮೊದಲ ಪಾಪ ಹುನಗುಂದ ಬರುವ ಮೊದಲೇ ಸಾಂಗವಾಗಿ ನೆರವೇರಿತು.

ಇಳಕಲ್ಲಿನಲ್ಲಿ ಇಳಿದು ಒಂದು ಡಬ್ಬಿ ಕರದಂಟು ಕೊಂಡೆ. ಮಧ್ಯಾಹ್ನದ ಹೊತ್ತು ರಸೂಲ್ ಮನೆಯ ಮುಂದಿನ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದ. ನನ್ನನ್ನು ಕಂಡು ಕೂಡು ಎಂದ, ಅಷ್ಟೇ. ನಾನು ಮಾಫಿ ಕೇಳಿದೆ. ಅವನು ತಲೆಯಾಡಿಸಿ ಮತ್ತೆ ಸೀರೆ ಮಡಚತೊಡಗಿದ. ಇನ್ನೂ ಕರಗಿಲ್ಲ ಎಂದುಕೊಂಡು ನನ್ನ ತಪಸ್ಸಿನ ವರ್ಣನೆಗಿಳಿದೆ. ನಿನ್ನೆಯಿಂದ ಚಹಾ ಇಲ್ಲ, ತಲೆ ಸಿಡಿಯುತ್ತಿದೆ, ಇಂಥ ಕಷ್ಟ ವೈರಿಗೂ ಬೇಡ ಎಂದೆಲ್ಲ ಹೇಳಿದೆ. ಪಾಪ, ಪೂರ್ತಿ ಕೇಳಿದ. ಕೊನೆಗೆ ಕರದಂಟಿನ ತುಂಡೊಂದನ್ನು ಅವನ ಬಾಯಿಗೇ ಹಿಡಿದೆ. ಮುಖ ತಿರುಗಿಸಿದ!

“ಬಾಗಲಕೋಟಿಯಿಂದ ಬಂದೇನಿ, ಒಂದು ತುಣುಕು ತಿನ್ನಾಕ ಆಗೂದಿಲ್ಲೇನಲೇ? ಇಷ್ಟು ಸಿಟ್ಟೇನು?” ಎಂದು ಕೂಗಾಡಿದೆ. ನಾನು ತ್ಯಜಿಸಿದ್ದ ಸಿಟ್ಟು ಬಡ್ಡಿ ಸಮೇತ ವಾಪಸು ಬಂದಿತ್ತು.

ಒಳಗಿನಿಂದ ಅವನ ಹೆಂಡತಿ ಮೆಲ್ಲಗೆ ಹೇಳಿದರು: “ಅಣ್ಣಾರ, ಇವತ್ತು ರಮಜಾನದ ಮೊದಲನೇ ರೋಜಾ ಐತ್ರಿ. ನಸುಕಿನಿಂದ ಅವರು ನೀರೂ ಮುಟ್ಟಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ನನ್ನ ಉಪವಾಸದ ಭರಾಟೆಯಲ್ಲಿ ಓಣಿಗೆ ಓಣಿಯೇ ಉಪವಾಸವಿದ್ದದ್ದು ಕಂಡಿರಲಿಲ್ಲ.

ರಸೂಲ್ ನಕ್ಕ. “ಬಿರಿಯಾನಿ ಮಾತು ನಾ ಆವತ್ತ ಮರ್ತೇನಿ, ಚಿನ್ನಪ್ಪಾ. ನೀನ ಮಾರಿ ತೋರಿಸಲಿಲ್ಲ” ಎಂದ.

ಮೂರು ವರ್ಷ ನಾನು ಹೆದರಿದ್ದ ಸಿಟ್ಟು ಅವನಲ್ಲಿ ಇರಲೇ ಇಲ್ಲ! ನನ್ನ ಕಣ್ಣು ತುಂಬಿತು. ತಲೆನೋವಿಗೆ ಅಳುತ್ತಿದ್ದೇನೆ ಎಂದುಕೊಂಡನೋ ಏನೋ, ಒಳಗೆ ಹೇಳಿ ಚಹಾ ತರಿಸಿ ನನ್ನ ಮುಂದಿಟ್ಟ. ಅವನೆದುರು ಮತ್ತೆ ನನ್ನ ವ್ರತದ ಸುದ್ದಿ ಎತ್ತಲು ನನಗೆ ಬಾಯಿ ಬರಲಿಲ್ಲ. ಕುಡಿಯಲು ಮಾತ್ರ ಬಂತು. ಎರಡು ಕಪ್ಪು!